ತೋಟ ಮಾರಬೇಕೇ, ಫಾದರ್?



ತಪಸ್ಸುಕಾಲದ ಒಂದು ಶುಕ್ರವಾರ ಶಿಲುಬೆಯ ಹಾದಿ ಮುಗಿಸಿ ಹೊರಬಂದಾಗ, ನಮ್ಮ ಧರ್ಮಕೇಂದ್ರದ ಯುವಕನೊಬ್ಬ ಬಾಗಿಲಲ್ಲಿ ಕಾಯುತ್ತಿದ್ದ. ಎಪ್ಪತ್ತು ದಾಟಿದ ಅವನ ತಂದೆಗೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್. ರೋಗ ಗ್ರಂಥಿಯಿಂದಾಚೆಗೆ ಹರಡಿಲ್ಲ, ಸಾಮಾನ್ಯ ವಿಕಿರಣ ಚಿಕಿತ್ಸೆ ಸಾಕು ಎಂದು ವೈದ್ಯರು ಹೇಳಿದ್ದಾರೆ. ಮನೆಯವರ ಮನಸ್ಸು ಮಾತ್ರ ಚೆನ್ನೈಯ ಪ್ರೋಟಾನ್ ಚಿಕಿತ್ಸೆಯ ಮೇಲೆ. ಅದಕ್ಕೆ ಅಡಿಕೆ ತೋಟ ಮಾರಬೇಕು. "ಮಾರದಿದ್ದರೆ ಅಪ್ಪನ ಜೀವಕ್ಕೆ ಬೆಲೆ ಕಟ್ಟಿದಂತೆ ಆಗುವುದಿಲ್ಲವೇ ಫಾದರ್? ಅದು ಪಾಪವಲ್ಲವೇ?" ಎಂದ.

ಈ ಸುದ್ದಿ ಊರಿಗೆ ಬಂದದ್ದು ಹೇಗೆಂದು ನನಗೆ ಗೊತ್ತಿತ್ತು. ಮಗಳೊಂದಿಗೆ ಚೆನ್ನೈಯಲ್ಲಿ ನೆಲೆಸಿರುವ ನಮ್ಮ ಹಳೆಯ ಸದಸ್ಯರೊಬ್ಬರು ಅದೇ ಚಿಕಿತ್ಸೆ ಪಡೆದಿದ್ದರು. ಖರ್ಚನ್ನು ಮಗಳ ಕಚೇರಿಯ ವಿಮೆ ಭರಿಸಿತ್ತು. ನಾನು ಅವರನ್ನು ನೋಡಲು ಹೋಗಿದ್ದೆ. ವಾರಕ್ಕೆ ಐದು ದಿನ, ಹಲವು ವಾರ. ಪ್ರತಿದಿನವೂ ನೀರು ಕುಡಿದು ಮೂತ್ರಕೋಶ ತುಂಬಿಸಿಕೊಳ್ಳಬೇಕು, ಅಲುಗಾಡದೆ ಮಲಗಬೇಕು. ಅಳತೆಗೆ ಕಾಲು ಗಂಟೆ ಹಿಡಿದರೆ ಕಿರಣಕ್ಕೆ ಒಂದೆರಡು ನಿಮಿಷ. ನೋವಿಲ್ಲ, ಬಿಸಿಯಿಲ್ಲ. "ಎಲ್ಲರೂ ಹೊರಗೆ ಹೋಗಿ ಬಾಗಿಲು ಮುಚ್ಚುತ್ತಾರಲ್ಲ ಫಾದರ್, ಆಗ ಜಪಸರದ ಐದು ಮಣಿ ಮುಗಿಯುವಷ್ಟು ಹೊತ್ತು ನಾನು, ದೇವರು, ಇಬ್ಬರೇ" ಎಂದು ನಕ್ಕರು.

ಪ್ರೋಟಾನ್ ಎಂದರೆ ಪರಮಾಣುವಿನ ಒಡಲಿನ ಒಂದು ಕಣ. ಬೆಳಕಿನ ಅರ್ಧಕ್ಕಿಂತ ಹೆಚ್ಚು ವೇಗದಲ್ಲಿ ದೇಹವನ್ನು ಹೊಕ್ಕು, ಗುರುತಿಟ್ಟ ಆಳದಲ್ಲಿ ಶಕ್ತಿಯ ಬಹುಪಾಲನ್ನು ಸುರಿದು ಅಲ್ಲೇ ನಿಲ್ಲುತ್ತದೆ. ಎಕ್ಸ್-ರೇ ಹಾಗಲ್ಲ, ಆಚೆ ಬದಿಗೂ ಹಾಯುತ್ತದೆ. ಇದನ್ನು ರೋಗಿಗಳಿಗೆ ಬಳಸಬಹುದೆಂದು 1946ರಲ್ಲಿ ಮೊದಲು ಬರೆದವರು ರಾಬರ್ಟ್ ವಿಲ್ಸನ್. ಅದಕ್ಕೆ ತುಸು ಮುಂಚೆ ಅವರು ಅಣುಬಾಂಬಿನ ಯೋಜನೆಯಲ್ಲಿ ದುಡಿದಿದ್ದರು. ಕೊಲ್ಲುವ ವಿದ್ಯೆಯ ಮನೆಯಿಂದಲೇ ಗುಣಪಡಿಸುವ ವಿದ್ಯೆಯನ್ನೂ ತಂದ ಆ ಮನುಷ್ಯನನ್ನು ನೆನೆದಾಗಲೆಲ್ಲ ನನಗೆ ಪಾಸ್ಖ ಹಬ್ಬ ನೆನಪಾಗುತ್ತದೆ. ಇರಲಿ, ಅದು ಬೇರೆ ಪ್ರಬೋಧನೆಗೆ.

ಎಳೆಯ ಮಕ್ಕಳ ಗಡ್ಡೆಗಳಿಗೆ, ತಲೆಬುರುಡೆಯ ತಳದ ಗಡ್ಡೆಗಳಿಗೆ ಈ ಕಿರಣ ದೊಡ್ಡ ವರ. ಆದರೆ ಪ್ರಾಸ್ಟೇಟಿಗೆ? ಅಮೆರಿಕದಲ್ಲಿ 450 ಪುರುಷರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಪ್ರೋಟಾನ್, ಇನ್ನೊಂದಕ್ಕೆ ಇಂದಿನ ಸುಧಾರಿತ ಎಕ್ಸ್-ರೇ ಚಿಕಿತ್ಸೆ ಕೊಟ್ಟು ನೋಡಿದರು. 2024ರಲ್ಲಿ ಫಲಿತಾಂಶ ಹೊರಬಂತು. ಎರಡು ವರ್ಷದ ನಂತರ ಕರುಳಿನ ತೊಂದರೆಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಐದು ವರ್ಷದ ಹೊತ್ತಿಗೆ ಎರಡೂ ಗುಂಪಿನಲ್ಲಿ ನೂರಕ್ಕೆ 93ರಷ್ಟು ಮಂದಿಯಲ್ಲಿ ರೋಗ ಮುಂದುವರಿದಿರಲಿಲ್ಲ.

ಹಾಗಾದರೆ ತೋಟ ಮಾರಬೇಕೇ? ನಮ್ಮ ಧರ್ಮಸಭೆ ಈ ಪ್ರಶ್ನೆಗೆ ಹೊಸಬಳಲ್ಲ. 1957ರಲ್ಲಿ ಜಗದ್ಗುರು ಹನ್ನೆರಡನೇ ಪಿಯುಸ್‌ರವರು ವೈದ್ಯರೊಂದಿಗೆ ಮಾತನಾಡುತ್ತಾ, ಜೀವ ಕಾಯಲು ಸಾಮಾನ್ಯ ಸಾಧನಗಳನ್ನು ಬಳಸುವುದು ಕರ್ತವ್ಯ, ತನಗೋ ಇತರರಿಗೋ ಅತಿಭಾರವಾಗುವುದನ್ನು ಹೊರಲೇಬೇಕೆಂಬ ಕಟ್ಟಳೆಯಿಲ್ಲ ಎಂದು ಬೋಧಿಸಿದರು. 1980ರ ವ್ಯಾಟಿಕನ್ ಘೋಷಣೆಯೂ ಚಿಕಿತ್ಸೆಯ ಖರ್ಚನ್ನು ಅದರಿಂದ ಸಿಗುವ ಫಲದೊಡನೆ ತೂಗಿ ನೋಡಲು ಹೇಳುತ್ತದೆ. ಅನುಕೂಲವಿದ್ದವರು ಪ್ರೋಟಾನ್ ಪಡೆಯಲಿ, ತಪ್ಪೇನಿಲ್ಲ. ಆದರೆ ಮೊಮ್ಮಕ್ಕಳ ಅನ್ನವಾದ ತೋಟವನ್ನು ಮಾರಿ ಅಷ್ಟೇ ಫಲ ಪಡೆಯುವುದನ್ನು ದೇವರು ಕೇಳುವುದಿಲ್ಲ. "ಪಾಪವಲ್ಲಪ್ಪ. ಅಪ್ಪನನ್ನು ಚಿಕಿತ್ಸೆಗೆ ಕರೆದುಕೊಂಡು ಹೋಗು, ದಿನವೂ ನೀನೇ ಹೋಗು" ಎಂದೆ.

ಸಂತ ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಬರುವ ಆ ರಕ್ತಸ್ರಾವದ ಹೆಂಗಸನ್ನು ನೀವು ಬಲ್ಲಿರಿ. ಹನ್ನೆರಡು ವರ್ಷ ವೈದ್ಯರಿಂದ ವೈದ್ಯರಿಗೆ ಅಲೆದು ಇದ್ದದ್ದೆಲ್ಲ ಕಳೆದುಕೊಂಡವಳು. ಆಕೆಯದು ನಾಲ್ಕು ಜನರೆದುರು ಹೇಳಲಾಗದ ಕಾಯಿಲೆ. ಅದಕ್ಕೇ ಹಿಂದಿನಿಂದ ಬಂದು ಬಟ್ಟೆಯನ್ನಷ್ಟೇ ಮುಟ್ಟಿದಳು. ಗುಣವಾದ ಮೇಲೂ ಯೇಸುಸ್ವಾಮಿ ಆಕೆಯನ್ನು ಹಾಗೇ ಹೋಗಗೊಡಲಿಲ್ಲ. ಎಲ್ಲರೆದುರು ಮಾತನಾಡಿಸಿ, ಮಗಳೇ ಎಂದು ಕರೆದರು.

ಈ ಮನೆಯ ಹಿರಿಯರದೂ ಅದೇ ಕಥೆ. ರಾತ್ರಿಯೆಲ್ಲ ಮೂತ್ರಕ್ಕೆ ಏಳುತ್ತಿದ್ದುದನ್ನು ವರ್ಷಕಾಲ ವೈದ್ಯರಿಗೆ ಹೇಳಿರಲಿಲ್ಲ. ಎಷ್ಟೋ ಬಾರಿ ಅದು ಕ್ಯಾನ್ಸರ್ ಆಗಿರುವುದಿಲ್ಲ ನಿಜ, ಆದರೆ ತೋರಿಸದೆ ತಿಳಿಯುವುದು ಹೇಗೆ? ಅಸ್ವಸ್ಥರ ಅಭ್ಯಂಗ ಸಂಸ್ಕಾರದ ಮಾತೆತ್ತಿದಾಗ ಅವರು ಬೆಚ್ಚಿಬಿದ್ದರು. "ಅಷ್ಟು ಹತ್ತಿರ ಬಂತೇ ಫಾದರ್?" ದ್ವಿತೀಯ ವ್ಯಾಟಿಕನ್ ಮಹಾಸಭೆ ಇದು ಸಾಯುವವರಿಗೆ ಮಾತ್ರವಲ್ಲ ಎಂದು ಹೇಳಿ ಅರವತ್ತು ವರ್ಷ ದಾಟಿತು, ನಾವು ಗುರುಗಳು ಇನ್ನೂ ಸರಿಯಾಗಿ ತಿಳಿಸಿಕೊಟ್ಟಿಲ್ಲ ಎನ್ನಬೇಕು.

ಚಿಕಿತ್ಸೆ ಶುರುವಾಗುವ ಮುಂಚಿನ ಭಾನುವಾರ, ಬಲಿಪೂಜೆಯಲ್ಲೇ, ಎಲ್ಲರೆದುರು ಅವರ ಹಣೆಗೂ ಅಂಗೈಗಳಿಗೂ ಪವಿತ್ರ ತೈಲ ಹಚ್ಚಿದೆ. ಕಾಯಿಲೆಯ ಹೆಸರನ್ನು ಅವರೇ ಜನರಿಗೆ ಹೇಳಿದರು. ಪೂಜೆ ಮುಗಿದ ಮೇಲೆ ಚರ್ಚಿನ ಹಿಂದಿನ ಹಲಸಿನ ಮರದ ಕೆಳಗೆ ಇಬ್ಬರು ಗಂಡಸರು ಅವರನ್ನು ತಡೆದು ನಿಲ್ಲಿಸಿಕೊಂಡು, ಆ ರಕ್ತಪರೀಕ್ಷೆಯ ಹೆಸರೇನೆಂದು ಮೆಲ್ಲಗೆ ಕೇಳುತ್ತಿದ್ದರು.