ನೆಲ ಖರೇನ ಡೊಂಕಿದ್ದರ?

ನಮ್ಮ ವಾಚನಾಲಯದ ಹುಡುಗರು ಮನಿಗೆ ಬಂದು, "ಕಾಕಾ, ನಿಮ್ಮ ಹಾಡು ಎಲ್ಲಾರೂ ಕೇಳ್ಯಾರ. ಈ ಸಲ ಪುಸ್ತಕಕ್ಕ ಒಂದು ವಿಚಾರ ಬರದು ಕೊಡ್ರಿ" ಅಂದರು. ನಾನು ಕಲಿತದ್ದು ಅಕ್ಕಲಕೋಟ ತಾಲೂಕಿನ ಕನ್ನಡ ಸಾಲಿಯೊಳಗ ಏಳನೇ ಇಯತ್ತೆ ತನಕ. ಹಾಡಕಿಯೊಳಗ ರಾತ್ರಿಯೆಲ್ಲಾ ಸವಾಲ್-ಜವಾಬು ಮಾಡತೀನಿ, ಆದರ ಕಾಗದದ ಮುಂದ ಕುಂತರ ಕೈ ನಡಗತದ. ಆದರೂ ಎರಡು ವರ್ಷದಿಂದ ಒಂದು ಮಾತು ಮನಸ್ಸಿನೊಳಗ ಮುಳ್ಳು ಮುರದಂಗ ಕುಂತದ. ಅದನ್ನ ಇಲ್ಲಿ ತೆಗದು ಇಡತೀನಿ.

ಕುಣಿಯಲಾರದವಳು ನೆಲ ಡೊಂಕು ಅಂದಳಂತ ಅನ್ನೋ ಗಾದಿ ಎಲ್ಲರಿಗೂ ಗೊತ್ತು. ತನ್ನ ತಪ್ಪು ಬ್ಯಾರೆಯವರ ಮ್ಯಾಲೆ ಹಾಕಬ್ಯಾಡ ಅಂತ ಹಿರಿಯರು ಇದನ್ನ ಹೇಳ್ಯಾರ. ಮಾತು ಸುಳ್ಳಲ್ಲ. ಆದರ ನೆಲ ಖರೇನ ಡೊಂಕಿದ್ದರ? ಕುಣಿಯೋ ಹೆಣ್ಣುಮಗಳು "ನನಗ ಕುಣಿಲಿಕ್ಕೆ ಬರಂಗಿಲ್ಲ" ಅಂತ ತನ್ನನ್ನೇ ಹಳಕೊಂಡು ಮೂಲಿಗೆ ಕುಂತರ ಆ ತಪ್ಪು ಯಾರದು? ನೆಲ ಮಾಡಿದವನದೋ, ಡೊಂಕು ಅದ ಅಂತ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕುಂತವನದೋ?

ಎರಡು ವರ್ಷದ ಹಿಂದ ಒಂದು ಇಂಜಿನಿಯರಿಂಗ ಕಾಲೇಜಿನವರು ನನ್ನನ್ನ ಕರಸಿದರು. ಎರಡು ದಿವಸದ ಕಾರ್ಯಾಗಾರ. ಮೊದಲ ಒಂದು ಪದ ಹಾಡಬೇಕು, ಆಮ್ಯಾಲೆ ಒಕ್ಕಲಿಗನಾಗಿ ನಾಕು ಮಾತು ಹೇಳಬೇಕು ಅಂತ ಕರೆ ಬಂದಿತ್ತು. ಕಾರ್ಯಾಗಾರ ಏನರ ಮ್ಯಾಲೆ ಅಂದರ 'ಡಿಸೈನ್' ಮ್ಯಾಲೆ. ಡಿಸೈನ್ ಅಂದರ ಸೊಲ್ಲಾಪುರ ಚಾದರದ ಮ್ಯಾಲಿನ ಹೂವು ಬಳ್ಳಿ ಅಂತ ನಾ ತಿಳಿದಿದ್ದೆ. ಅಲ್ಲಿ ಹೋಗಿ ಕುಂತ ಮ್ಯಾಲೆ ಗೊತ್ತಾತು, ಒಂದು ವಸ್ತು ಹೆಂಗಿರಬೇಕು ಅಂತ ಅದನ್ನ ಮಾಡೋಕಿಂತ ಮೊದಲ ವಿಚಾರ ಮಾಡೋದಕ್ಕೇ ಅವರು ಆ ಹೆಸರು ಇಟ್ಟಾರ.

ಅಲ್ಲಿಯ ಗುರುಗಳು ಬಿಡಿಸಿ ಹೇಳಿದರು. ಮೊದಲ ಯಾರಿಗೆ ಏನು ಬೇಕು ಅಂತ ಕೇಳಬೇಕು. ಆಮ್ಯಾಲೆ ಒಂದ ದಾರಿ ಹಿಡಿದು ಓಡದೆ ನಾಕು ಬಗಿಯಿಂದ ಚಿತ್ರ ಬರದು ನೋಡಬೇಕು. ಒಂದು ಮಾದರಿ ಮಾಡಬೇಕು, ಅದನ್ನ ಬಳಸಿ ನೋಡಬೇಕು, ಎಲ್ಲಿ ಮುರೀತು ಅಂತ ಬರಕೋಬೇಕು, ತಿದ್ದಿ ಮತ್ತ ಮಾಡಬೇಕು. ಇದನ್ನ ಹೆಂಗ ಕಲಿಸಬೇಕು, ಇದಕ್ಕೊಂದು ಶಾಸ್ತ್ರ ಅದನೋ ಇಲ್ಲೋ ಅಂತ ಅವರವರೊಳಗೇ ಜೋರು ವಾದ ನಡೀತು. ನಮ್ಮ ಹರದೇಶಿ-ನಾಗೇಶಿ ಮ್ಯಾಳದವರು ಎದುರಾಬದುರಾ ನಿಂತಂಗ ಇತ್ತು.

ಕೇಳತಾ ಕೇಳತಾ ನನಗ ನಮ್ಮೂರ ಬಡಿಗ್ಯಾರ ಮುತ್ಯಾ ನೆನಪಾದ. ನಮ್ಮಪ್ಪ ಹೊಸಾ ಕೂರಿಗಿ ಮಾಡಸಲಿಕ್ಕೆ ಹೋದಾಗ ಮುತ್ಯಾ ಬಾಚಿ ಹಿಡೀತಿದ್ದಿಲ್ಲ, ಮೊದಲ ಮಾತಾಡತಿದ್ದ. "ಎರಿ ಹೊಲಕ್ಕೋ ಮಸಾರಿಗೋ? ಎತ್ತು ಎಷ್ಟು ಎತ್ತರ ಅವ? ಬಟ್ಟಲದಾಗ ಕಾಳು ಬಿಡೋರು ಯಾರು, ನಿನ್ನ ಹೆಂಡತಿನೋ, ನಿಮ್ಮವ್ವನೋ?" ಕಾಳು ಬಿಡೋ ಹೆಣ್ಮಗಳ ಕೈ ಎಷ್ಟು ಎತ್ತರಕ್ಕ ಬರತದೋ ಅಷ್ಟಕ್ಕ ಬಿದಿರ ಕೊಳವಿ ಕೊಯ್ಯತಿದ್ದ. ಮುತ್ಯಾಗ ಅಕ್ಷರ ಬರತಿದ್ದಿಲ್ಲ, ಆದರ ಕಾಲೇಜಿನವರು ಹೇಳಿದ ಮೊದಲನೇ ಪಾಠ ಬರತಿತ್ತು.

ಇದನ್ನೇ ನಾ ಎದ್ದು ನಿಂತು ಹೇಳಿದೆ. ಎಲ್ಲಾರೂ ಚಪ್ಪಾಳಿ ಹೊಡದರು. ಆದರ ಒಬ್ಬ ಗುರುಗಳು ನಗತಾ ಒಂದು ಸವಾಲ್ ಹಾಕಿದರು: "ನಿಮ್ಮ ಬಡಿಗ್ಯಾರು ಕೂರಿಗಿ ಮಾಡಿಕೊಟ್ಟದ್ದು ತಮ್ಮ ಓಣಿಯವರಿಗೆ. ಕೂರಿಗಿ ಸರಿ ಇಲ್ಲದಿದ್ದರ ಮರುದಿವಸ ನಿಮ್ಮಪ್ಪ ಅವರ ಮನಿ ಮುಂದ ನಿಂತು ಒದರತಿದ್ದರು. ಸುಗ್ಗಿಯೊಳಗ ಆಯ ಒಯ್ಯಲಿಕ್ಕೆ ಬಂದಾಗ ಮಾರಿ ತೋರಸಬೇಕಿತ್ತು. ಈಗ ಒಂದು ಕಾರಖಾನಿ ಲಕ್ಷ ಸಾಮಾನು ಮಾಡತದ. ಮಾಡಿದವನಿಗೆ ಬಳಸೋರ ಮಾರಿ ಗೊತ್ತಿಲ್ಲ, ಬಳಸೋರಿಗೆ ಮಾಡಿದವನ ಊರು ಗೊತ್ತಿಲ್ಲ. ನಡುವ ಯಾರು ಒದರಬೇಕು?" ನನ್ನ ಹತ್ತಿರ ಜವಾಬು ಇರಲಿಲ್ಲ. ಕುಂತೆ.

ಆಮ್ಯಾಲೆ ಅವರು ಒಂದು ಉದಾಹರಣಿ ಕೊಟ್ಟರು, ಅದು ನಮ್ಮ ನೆಲದ್ದೇ. ಪಡದಿಯ ಮ್ಯಾಲೆ ಒಂದು ಬೋರಿಂಗಿನ ಚಿತ್ರ ಹಾಕಿದರು. ಮರಾಠಿಯವರು ಹಾಪಸಾ ಅಂತಾರಲ್ಲ, ಅದು. 1972ರ ಬರಗಾಲ ಕಂಡವರಿಗೆ ಆ ಹಿಡಿಕಿಯ ಬೆಲಿ ಗೊತ್ತು. ಆಗ ನಾ ಹನ್ನೆರಡು ಹದಿಮೂರರ ಹುಡುಗ. ನಮ್ಮವ್ವ ಖಡಿ ಒಡಿಲಿಕ್ಕೆ ಹೋಗತಿದ್ದಳು, ನಾವು ಸರಕಾರ ಕೊಟ್ಟ ಸುಕಡಿ ತಿಂದು ಹೊಟ್ಟಿ ಹೊರದೀವಿ. ಬಾವಿಯ ತಳ ಬಿರಕು ಬಿಟ್ಟಿತ್ತು.

ಆಗಿನ ಕಾಲಕ್ಕ ಬಂಡಿ ಒಳಗ ಕೊರದು ಬೋರು ಹಾಕೋ ಮಿಷನ್ನು ಬಂದಿದ್ದವು. ನೀರೂ ಸಿಗತಿತ್ತು. ಆದರ ಮ್ಯಾಲೆ ಕೂಡಿಸಿದ ಪಂಪು ಬೀಡಿನವು. ಪರದೇಶದಾಗ ಒಂದು ಮನಿಯವರು ಹಿತ್ತಲದಾಗ ದಿವಸಕ್ಕ ನಾಕು ಕೊಡ ಎತ್ತಲಿಕ್ಕೆ ಮಾಡಿದ ಪಂಪಿನ ನಕಲು. ನಮ್ಮಲ್ಲಿ ನಸುಕಿನ್ಯಾಗ ಹಿಡಿದ ಹಿಡಿಕಿ ರಾತ್ರಿ ತನಕ ಬಿಡತಿದ್ದಿಲ್ಲ, ಇಡೀ ಊರು ಅದರ ಮುಂದ ಕೊಡ ಇಟ್ಟು ಕುಂದರತಿತ್ತು. ಕೀಲು ಸವೀತಿದ್ದವು, ಬೀಡು ಒಡೀತಿತ್ತು. 1974ರಾಗ ತಮಿಳುನಾಡು, ಮಹಾರಾಷ್ಟ್ರದಾಗ ಹುಡುಕಿ ನೋಡಿದರ ನಾಕು ಪಂಪಿನೊಳಗ ಮೂರು ಕೆಟ್ಟು ನಿಂತಿದ್ದವಂತ. ಆಗ ಎಲ್ಲಾರೂ ಏನಂದರು? "ಹಳ್ಳಿ ಮಂದಿಗೆ ಬಳಸಲಿಕ್ಕೆ ಬರಂಗಿಲ್ಲ, ಮುರದು ಹಾಕತಾರ" ಅಂದರು. ಆ ಬೈಗುಳ ನಾ ನನ್ನ ಕಿವಿಲೇ ಕೇಳೀನಿ. ಹಿಡಿಕಿ ಜಗ್ಗಿದ್ದಕ್ಕ ನಮ್ಮವ್ವನೂ ಬೈಸಿಕೊಂಡಾಳ.

ಆದರ ಕೆಲವು ಮಂದಿ ಮುರದ ಪಂಪಿನ ಹತ್ತಿರ ಕುಂತು, ಮುರದದ್ದು ಎಲ್ಲಿ ಅಂತ ನೋಡಿದರು. ಜಾಲನಾದಾಗ ಒಂದು, ನಮ್ಮ ಸೊಲ್ಲಾಪುರದಾಗ ಒಂದು ಹೊಸಾ ನಮೂನಿ ಪಂಪು ತಯಾರಾದವು. ಬೀಡು ಬಿಟ್ಟು ಉಕ್ಕಿನ ಹಿಡಿಕಿ ಹಾಕಿದರು. ನಾಕೈದು ಕೀಲಿನ ಬದಲು ಒಂದ ಗಟ್ಟಿ ಕೀಲು. ಸೊಲ್ಲಾಪುರದ್ದಕ್ಕ ಒಳಗಿನ ಸಲಾಕಿ ಸೊಟ್ಟ ಆಗದಂಗ ನೆಟ್ಟಗ ಎತ್ತಲಿಕ್ಕೆ ಸರಪಳಿ. ಅದನ್ನೇ ಬುನಾದಿ ಮಾಡಿಕೊಂಡು ಸರಕಾರದವರು, ಯುನಿಸೆಫ್‌ನವರು, ಇಂಜಿನಿಯರುಗಳು ಕೂಡಿ 'ಇಂಡಿಯಾ ಮಾರ್ಕ್ 2' ಅನ್ನೋ ಪಂಪು ಮಾಡಿದರು. ಕೊಯಮತ್ತೂರು ಭಾಗದ ಆಳದ ಬೋರಿನ ಮ್ಯಾಲೆ ಕೂಡಿಸಿ, ಕೆಟ್ಟ ಭಾಗ ತಿದ್ದಿದರು. ಆಮ್ಯಾಲೆ ಅದು ದೇಶ ತುಂಬ ಹೋತು, ಪರದೇಶಕ್ಕೂ ಹೋತು.

ಅದರಾಗೂ ಒಂದು ಡೊಂಕು ಉಳಿದಿತ್ತು. ಕೆಳಗಿನ ವಾಸರ್ ಸವದರ ಪೈಪೆಲ್ಲಾ ಮ್ಯಾಲೆ ಎಳೀಬೇಕು, ಅದಕ್ಕ ತಾಲೂಕಿನಿಂದ ಗಾಡಿ ಬರಬೇಕು. ಗಾಡಿಯ ದಾರಿ ಕಾಯೋದರಾಗ ಬ್ಯಾಸಗಿ ಮುಗೀತಿತ್ತು. ಅದಕ್ಕ 1980ರ ದಶಕದಾಗ ಮಾರ್ಕ್ 3 ಮಾಡಿದರು. ಪೈಪು ದೊಡ್ಡದು ಹಾಕಿ, ಪೈಪು ಎಳೀದೇ ಒಳಗಿನ ಕೊಂತಿ ಒಂದನ್ನ ಹೊರಗ ತೆಗೆಯೋ ಹಂಗ. ಊರಾಗಿನವರೇ ರಿಪೇರಿ ಮಾಡಬಹುದು.

ಗುರುಗಳು ಇದನ್ನ ಹೇಳುವಾಗ ನನ್ನ ಕಣ್ಣಾಗ ನೀರು ಬಂತು. ಇಷ್ಟು ವರ್ಷ ನಮ್ಮವ್ವನ ಮ್ಯಾಲೆ ಇದ್ದ ತಪ್ಪು ಅವತ್ತ ಇಳೀತು. ನೆಲಾನೇ ಡೊಂಕಿತ್ತು.

ಇಷ್ಟು ಕೇಳಿದ ನಾನು ಅವತ್ತ ಸಂಜಿಗೆ ಏನು ಮಾಡಿದೆ ಅನ್ನೋದು ಮುಂದಿನ ಕತಿ.

ಕಾಲೇಜಿನ ಹುಡುಗರು ಸೈಕಲ್ ಗಾಲಿ ಹಚ್ಚಿ, ಕೈಲೇ ನೂಕೋ ಎಡಿಕುಂಟಿ ಒಂದು ಮಾಡಿದ್ದರು. ಕಾಲೇಜಿನ ಹಿಂದ ಕೆಂಪು ಮಣ್ಣಿನ ತುಣುಕು ನೆಲ ಹದ ಮಾಡಿ ಇಟ್ಟಿದ್ದರು. ನನ್ನ ಕೈಗೆ ಕೊಟ್ಟು, "ನೂಕಿ ನೋಡ್ರಿ ಅಜ್ಜಾರ" ಅಂದರು. ನೂಕಿದೆ. ಹಗುರ ಹೋತು. ಆದರ ಎರಡು ಹೆಜ್ಜಿಗೇ ನನಗ ಎರಡು ಮಾತು ಗೊತ್ತಾದವು. ಹಿಡಿಕಿ ನನ್ನ ಎದಿಗೆ ಬರತಿತ್ತು, ಅಂದರ ನಮ್ಮ ಹೆಣ್ಮಕ್ಕಳ ಹೆಗಲಿಗೆ ಬರತದ. ಕಸ ತೆಗೆಯೋರು ಅವರೇ ಹೊರ್ತು ನಾ ಅಲ್ಲ. ಎರಡನೇದು, ನಮ್ಮ ಎರಿ ಹೊಲದಾಗ ಹಸಿ ಇದ್ದಾಗ ಈ ಗಾಲಿಗೆ ಮಣ್ಣು ಮೆತ್ತಿ ರೊಟ್ಟಿಯಂಗ ಆಗತದ, ತಿರಗಂಗಿಲ್ಲ.

ಹುಡುಗರು ಸುತ್ತ ನಿಂತಿದ್ದರು. ಅವರ ಮಾರಿ ಮ್ಯಾಲೆ ಎಷ್ಟು ಆಸೆ! "ಹೆಂಗ ಅದ್ರಿ?" ಅಂದರು. ನನ್ನ ಹೆಗಲ ಮ್ಯಾಲೆ ಅವರು ಹೊದಿಸಿದ ಶಾಲು ಇತ್ತು. ಹೊಟ್ಟಿಯೊಳಗ ಅವರು ಹಾಕಿದ ಊಟ ಇತ್ತು. ನಾನು "ಭಾಳ ಚಲೋ ಅದ" ಅಂದೆ.

ಮುಂದಿನ ವರ್ಷ ಅಂಥಾವೇ ಹನ್ನೆರಡು ಎಡಿಕುಂಟಿ ನಮ್ಮೂರ ಬಚತ ಗಟದ ಹೆಣ್ಮಕ್ಕಳಿಗೆ ಬಂದವು. ಹಾರ ಹಾಕಿ ಫೋಟೋ ತೆಗದರು. ಹದಿನೈದು ದಿವಸದಾಗ ಹನ್ನೆರಡೂ ಎಡಿಕುಂಟಿ ಗ್ವಾಡಿಗೆ ಒರಗಿ ನಿಂತವು. ನಮ್ಮ ಮಗ್ಗಲ ಹೊಲದ ತಂಗಿಗೆ ನಾ ಕೇಳಿದೆ, "ಯಾಕವ್ವಾ, ನೂಕಲಿಲ್ಲೇನು?" ಆಕಿ ನಾಚಿಕೊಂಡು, "ನಮಗ ಬರಂಗಿಲ್ಲ ಬಿಡ್ರಿ ಮಾವಾ. ಕಲಿತವರು ಮಾಡಿದ್ದು, ನಮ್ಮಂಥಾವರಿಗೆ ಎಲ್ಲಿ ತಿಳೀತದ" ಅಂದಳು. ಮತ್ತ ಕುರಪಿ ಹಿಡದು ಬಗ್ಗಿದಳು.

ರಾತ್ರಿ ಮನಿಯೊಳಗ ಈ ಮಾತು ತೆಗದೆ. ನನ್ನ ಹೆಂಡತಿ ರೊಟ್ಟಿ ಬಡಿಯೋದು ನಿಲ್ಲಿಸಿ ಅಂದಳು: "ನೀವು ಹೋಗಿದ್ರೆಲ್ಲಾ ಅಲ್ಲಿಗೆ. ಅವತ್ತ ಏನು ಹೇಳಿ ಬಂದ್ರಿ?"

ಬಂಧುಗಳೆ, ನಾ ಮಾಡಿದ್ದು ತಪ್ಪೋ ಅಲ್ಲೋ ಅಂತ ಭಾಳ ದಿವಸ ನನ್ನ ಜೋಡಿ ನಾನೇ ಸವಾಲ್-ಜವಾಬು ಮಾಡೀನಿ. ಕರದು ಮಾನ ಕೊಟ್ಟವರ ಮನಸ್ಸು ನೋಯಿಸಬಾರದು, ಸವಿ ಮಾತಾಡಬೇಕು ಅಂತ ಹಿರಿಯರು ಹೇಳ್ಯಾರ. ಲಗ್ನದ ಊಟದಾಗ ಸಾರಿಗೆ ಉಪ್ಪು ಕಮ್ಮಿ ಇದ್ದರೂ "ಚಲೋ ಆಗ್ಯಾದ" ಅಂತೀವಿ. ಅದು ಪಾಪ ಅಲ್ಲ. ಉಪ್ಪಿಲ್ಲದ ಸಾರು ಉಂಡವನು ನಾನೇ, ನನ್ನ ಸುಳ್ಳಿನ ರೊಕ್ಕ ನಾನೇ ಕೊಟ್ಟೆ. ಆದರ ಎಡಿಕುಂಟಿ ನೂಕೋನು ನಾ ಅಲ್ಲ. ನನ್ನ ಸವಿ ಮಾತಿನ ಸಾಲ ಆ ತಂಗಿಯ ಬೆನ್ನು ತೀರಿಸಿತು. ಆಕಿ ಅವತ್ತ ಅಲ್ಲಿ ಇರಲೂ ಇಲ್ಲ. ಅಲ್ಲಿ ಇಲ್ಲದವರ ತಲಿ ಮ್ಯಾಲೆ ಬೀಳೋ ಸುಳ್ಳಿಗೆ ಮರ್ಯಾದಿ ಅನ್ನೋ ಹೆಸರು ಇಡಬಾರದು ಅಂತ ನನಗ ಅನಸತದ.

ಹಂಗಂತ ಎಲ್ಲಾ ತಪ್ಪು ನನ್ನದೇ ಅಂತಲೂ ಒಪ್ಪಂಗಿಲ್ಲ. ಮಾಡಿದವರದೂ ಒಂದು ಪಾಲು ಅದ. ಹೆತ್ತವರಿಗೆ ಹೆಗ್ಗಣ ಮುದ್ದು. ಶಾಲು ಹೊದಿಸಿ, ಊಟ ಹಾಕಿ, ಸುತ್ತ ನಿಂತು "ಹೆಂಗ ಅದ" ಅಂತ ಕೇಳಿದರ ಬಡವ ಏನು ಹೇಳತಾನ? ಅವರು ಯಾರಿಗೆ ಬೇಕು ಅಂತ ಕೇಳಬೇಕು ಅಂತ ಪಾಠ ಹೇಳಿದರು, ಆದರ ಕಸ ತೆಗೆಯೋ ಒಬ್ಬ ಹೆಣ್ಮಗಳನ್ನೂ ಕರದಿರಲಿಲ್ಲ. ಹಾಡಕಿಯೊಳಗ ನಾ ಒಂದು ಸೊಲ್ಲು ತಪ್ಪಿದರ ಮುಂದ ಕುಂತ ಮುದುಕ ಅಲ್ಲೇ ಕೈ ಎತ್ತಿ "ತಪ್ಪಿತೋ" ಅಂತಾನ. ಆ ಮುದುಕನ ದೆಸೆಯಿಂದ ನನ್ನ ಹಾಡು ಉಳದದ. ಮಾಡೋರು ಅಂಥಾ ಮುದುಕನನ್ನ ಹುಡುಕಿ ಮುಂದ ಕೂಡಿಸಬೇಕು, ಕುಂತವನು ಕೈ ಎತ್ತಬೇಕು. ಎರಡರಾಗ ಒಂದು ತಪ್ಪಿದರೂ ಡೊಂಕು ಹಂಗೇ ಉಳೀತದ.

ಗುರುಗಳು ಕೇಳಿದ್ದರಲ್ಲ, ನಡುವ ಯಾರು ಒದರಬೇಕು ಅಂತ. ಜವಾಬು ನನಗ ತಡವಾಗಿ ಸಿಕ್ಕಿತು. ನಾನೇ ಒದರಬೇಕಿತ್ತು. ಅದಕ್ಕೇ ಕರದಿದ್ದರು.

ಮರುವಾರ ಆ ಗುರುಗಳಿಗೆ ಫೋನ್ ಹಚ್ಚಿದೆ. "ಸರ, ಅವತ್ತ ನಾ ಸುಳ್ಳು ಹೇಳಿದೆ" ಅಂದೆ. ಸಿಟ್ಟಾಗತಾರ ಅಂದುಕೊಂಡಿದ್ದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾವೇ ಸರಿಯಾಗಿ ಕೇಳಲಿಲ್ಲರಿ" ಅಂದರು. ಮುಂದಿನ ಮಳಿಗಾಲದಾಗ ಮೂವರು ಹುಡುಗರನ್ನ ಕರಕೊಂಡು ಬಂದರು. ಈ ಸಲ ಏನೂ ಕೇಳಲಿಲ್ಲ. ನನ್ನ ಹೆಂಡತಿ ಮತ್ತ ಆ ತಂಗಿ ನೂಕೋದನ್ನ ಬದುವಿನ ಮ್ಯಾಲೆ ನಿಂತು ಒಂದು ತಾಸು ನೋಡಿದರು. ಆಮ್ಯಾಲೆ ನಮ್ಮೂರ ಕಮ್ಮಾರನ ಕಡೆ ಹೋಗಿ ಹಿಡಿಕಿ ಕೊಯ್ದು, ಮೂರು ಎತ್ತರಕ್ಕ ಏರಿಸಿ ಇಳಿಸಲಿಕ್ಕೆ ತೂತು ಹೊಡಸಿದರು. ಗಾಲಿಗೆ ಮಣ್ಣು ಕೆರಿಯೋ ಒಂದು ಪಟ್ಟಿ ಹಚ್ಚಿದರು. ಹಸಿ ಎರಿಯೊಳಗ ಅದು ಇವತ್ತೂ ನಡಿಯಂಗಿಲ್ಲ, ಮಳಿ ನಿಂತು ಎರಡು ಮೂರು ದಿವಸ ಕಾಯಬೇಕು. ಅದನ್ನೂ ಅವರಿಗೆ ಹೇಳೀನಿ, ಬರಕೊಂಡಾರ. ಹನ್ನೆರಡರಾಗ ಐದು ಎಡಿಕುಂಟಿ ಈಗ ಹೊಲದಾಗ ಅವ. ಉಳಿದ ಏಳು ಇನ್ನೂ ಗ್ವಾಡಿಗೇ ಅವ.

ಸಾಲಿ ಗುರುಗಳಿಗೆ ನನ್ನದೊಂದು ವಿನಂತಿ. ಆ ಗಾದಿ ಮಕ್ಕಳಿಗೆ ಕಲಸ್ರಿ, ಆದರ ಅದರ ಜೋಡಿ ಇದನ್ನೂ ಹೇಳ್ರಿ: ನನಗ ಬರಂಗಿಲ್ಲ ಅನ್ನೋಕಿಂತ ಮೊದಲ ಬಗ್ಗಿ ಒಂದು ಸಲ ನೆಲಾನೂ ನೋಡು. ಡೊಂಕಿದ್ದರ ಡೊಂಕು ಅದ ಅಂತ ಹೇಳು. ಹೇಳುವಾಗ ಸಿಟ್ಟು ಬ್ಯಾಡ, ಅಂಜಿಕೆನೂ ಬ್ಯಾಡ.

ವಾಚನಾಲಯದ ಹುಡುಗರು ಈ ಪುಸ್ತಕ ಹೆಂಗ ಅದ ಅಂತ ನಿಮ್ಮನ್ನ ಕೇಳಲಿಕ್ಕೆ ಬರತಾರ. ಚಾ ಕುಡಿಸಿಯೇ ಕೇಳತಾರ. ಆದರೂ ಖರೇನ ಹೇಳ್ರಿ.