ಬೀಗದಕೈ ಯಾರ ಸೊಂಟದಲ್ಲಿ?

ನಾನು ಈ ಮನೆಗೆ ಸೊಸೆಯಾಗಿ ಬಂದದ್ದು 1993ರ ಬೇಸಿಗೆಯಲ್ಲಿ. ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ದಾರಿಯಲ್ಲಿ ನಮ್ಮದು ನಾಲ್ಕೆಕರೆ ಕಾಫಿ ತೋಟ, ಹಳೆಯ ಹೆಂಚಿನ ಮನೆ. ಅತ್ತೆಯವರು ಒಳ್ಳೆಯವರು. ಉಣ್ಣುವುದಕ್ಕೆ, ಉಡುವುದಕ್ಕೆ ಎಂದೂ ಕಡಿಮೆ ಮಾಡಿದವರಲ್ಲ. ಆದರೆ ಉಗ್ರಾಣದ ಬೀಗದಕೈ ಗೊಂಚಲು ಮಾತ್ರ ಅವರ ಸೊಂಟ ಬಿಟ್ಟು ಇಳಿಯುತ್ತಿರಲಿಲ್ಲ. ಸ್ಕೂಲಿಗೆ ಹೊರಡುವ ಅವಸರದಲ್ಲಿ ನಾಲ್ಕು ಚಮಚ ಕಾಫಿಪುಡಿ ಬೇಕೆಂದರೂ "ಅತ್ತೆ, ಒಂಚೂರು ಬಾಗಿಲು ತೆಗೀತೀರಾ?" ಎಂದು ಕೇಳಬೇಕು. ಅವರು ಒಂದು ದಿನವೂ ಇಲ್ಲ ಎಂದವರಲ್ಲ. ಇಲ್ಲ ಎನ್ನದ ಮೇಲೆ ನಿನಗೇನು ಕಷ್ಟವಿತ್ತು ಎಂದು ನೀವು ಕೇಳಬಹುದು. ಆ ಪ್ರಶ್ನೆಗೆ ಮೂವತ್ತು ವರ್ಷ ನನಗೂ ಉತ್ತರ ಹೊಳೆದಿರಲಿಲ್ಲ. ಕೊನೆಗೆ ಉತ್ತರ ಹೇಳಿಕೊಟ್ಟದ್ದು ಇಂಟರ್‌ನೆಟ್ಟಿನ ಒಂದು ಪುಟ್ಟ ಪೆಟ್ಟಿಗೆ.

2020ರಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದಾಗ ನಮ್ಮ ಕಡೆಯ ಮಕ್ಕಳು ಪಾಠ ಕೇಳಲು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದರು. ನಾನೂ ತೋಟದ ಮೇಲಿನ ಬಂಡೆಯಲ್ಲಿ ಕೊಡೆ ಹಿಡಿದು ಕೂತು ಸಮಾಜ ಪಾಠ ಮಾಡಿದವಳೇ. ಅದಾದ ಮೇಲೆ ನಮ್ಮ ಮನೆಯವರೆಗೂ ಫೈಬರ್ ಬಂತು. ಕೂದಲಿನಂಥ ಗಾಜಿನೆಳೆ, ಅದರೊಳಗೆ ಬೆಳಕು ಹರಿಯುತ್ತದೆ. ಅದರ ತುದಿಗೆ ಕಂಪನಿಯ ಹುಡುಗ ಒಂದು ಬಿಳಿ ಪೆಟ್ಟಿಗೆ ಕೂರಿಸಿ, "ಇದು ಫ್ರೀ ಟೀಚರ್, ದುಡ್ಡಿಲ್ಲ" ಎಂದ. ಬೆಳಕನ್ನು ವಿದ್ಯುತ್ ಸಂಕೇತವಾಗಿ ಬದಲಿಸುವುದು ಆ ಪೆಟ್ಟಿಗೆಯ ಒಂದು ಕೆಲಸ. ಅದನ್ನು ಮನೆಯ ಫೋನು, ಕಂಪ್ಯೂಟರುಗಳಿಗೆಲ್ಲ ಹಂಚುವುದು ಇನ್ನೊಂದು. ಈ ಹಂಚುವ ಕೆಲಸ ಮಾಡುವುದನ್ನೇ ರೂಟರ್ ಎನ್ನುತ್ತಾರೆ.

ನನ್ನ ಸೊಸೆ ಬೆಂಗಳೂರಿನ ಕಂಪನಿಯೊಂದರ ಕೆಲಸವನ್ನು ಮನೆಯಿಂದಲೇ ಮಾಡುತ್ತಾಳೆ. ಅಟ್ಟದ ಮೇಲಿನ ಅವಳ ಕೋಣೆಗೆ ಸಿಗ್ನಲ್ ಸರಿಯಾಗಿ ತಲುಪುತ್ತಿರಲಿಲ್ಲ. ಪೆಟ್ಟಿಗೆಯೊಳಗಿನ ಒಂದು ಏರ್ಪಾಡು ಬದಲಿಸಿ ನೋಡೋಣವೆಂದು ಮಗ ಹೊರಟಾಗ ಗೊತ್ತಾಯಿತು, ಪಾಸ್‌ವರ್ಡುಗಳು ಎರಡಿವೆ ಎಂದು. ಫೋನು ಸೇರಿಸುವುದಕ್ಕೆ ಒಂದು, ಅದು ನಮಗೆ ಗೊತ್ತು. ಪೆಟ್ಟಿಗೆಯ ಒಳಗೇ ಹೋಗುವುದಕ್ಕೆ ಇನ್ನೊಂದು, ಅದು ಕಂಪನಿಯವರ ಹತ್ತಿರ. ಕೇಳಿದರೆ ಆ ಹುಡುಗ ಬಹಳ ವಿನಯದಿಂದಲೇ, "ಅದು ನಿಮಗೆ ಬೇಕಾಗಲ್ಲ ಟೀಚರ್. ಏನಾದರೂ ಆದರೆ ಆಫೀಸಿಂದಲೇ ತೆಗೆದು ಸರಿ ಮಾಡ್ತೀವಿ" ಎಂದ.

ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಮನೆಯ ಗೋಡೆಯ ಮೇಲೆ, ನನ್ನ ಕರೆಂಟು ಉಣ್ಣುತ್ತ ಕೂತ ಪೆಟ್ಟಿಗೆ. ಅದನ್ನು ಎಲ್ಲೋ ಕೂತವರು ತೆಗೆಯಬಲ್ಲರು, ನಾನು ತೆಗೆಯಲಾರೆ. ಅವರು ಕೆಟ್ಟವರೇನಲ್ಲ, ನಮಗೆ ಅನ್ಯಾಯವನ್ನೂ ಮಾಡಿಲ್ಲ. ಅತ್ತೆಯವರೂ ಮಾಡಿರಲಿಲ್ಲ! ಆಗ ತಿಳಿಯಿತು: ಕಷ್ಟವಿದ್ದದ್ದು ಇಲ್ಲ ಎನ್ನಿಸಿಕೊಳ್ಳುವುದರಲ್ಲಲ್ಲ, ದಿನಾ ಕೇಳಬೇಕಾಗಿದ್ದುದರಲ್ಲಿ.

ಈ ಜಗಳ ಹೊಸದೇನಲ್ಲ. ಹಿಂದೆ ನಮ್ಮಲ್ಲಿ ಟೆಲಿಫೋನು ಹಾಕಿಸಿಕೊಂಡರೆ ಆ ಕರಿಯ ಉಪಕರಣವನ್ನೂ ಇಲಾಖೆಯೇ ಕೊಡುತ್ತಿತ್ತು. 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಐಟಿಐ ಕಾರ್ಖಾನೆ ಅದನ್ನು ತಯಾರಿಸುತ್ತಿತ್ತು. ಅಮೆರಿಕದಲ್ಲೂ ಬಹುಕಾಲ ಫೋನು ಕಂಪನಿಯದೇ. ಟೆಕ್ಸಸ್ಸಿನ ಥಾಮಸ್ ಕಾರ್ಟರ್ ಎಂಬಾತ ರೇಡಿಯೋವನ್ನು ಫೋನಿಗೆ ಜೋಡಿಸುವ ಸಾಧನ ಮಾಡಿದಾಗ ಕಂಪನಿ ಅಡ್ಡಬಂತು. ಜಾಲಕ್ಕೆ ತೊಂದರೆಯಾಗದಿದ್ದರೆ ಗ್ರಾಹಕ ತನ್ನ ಸಾಧನ ಜೋಡಿಸಿಕೊಳ್ಳಬಹುದೆಂದು 1968ರಲ್ಲಿ ಅಲ್ಲಿನ ಸರ್ಕಾರಿ ಆಯೋಗ ತೀರ್ಮಾನ ಕೊಟ್ಟಿತು. ಜರ್ಮನಿಯಲ್ಲಂತೂ 2016ರ ಆಗಸ್ಟ್ 1ರಿಂದ ರೂಟರನ್ನು ಆರಿಸಿಕೊಳ್ಳುವುದು ಗ್ರಾಹಕರ ಹಕ್ಕೆಂದೇ ಕಾನೂನಾಗಿದೆ.

ಅಷ್ಟು ದೂರವಾದರೂ ಏಕೆ? ನಮ್ಮ ಕಾಫಿಯನ್ನೇ ನೋಡಿ. 1942ರ ಕಾಫಿ ಕಾಯಿದೆಯ ಪ್ರಕಾರ ಬೆಳೆಗಾರರು ಮನೆಖರ್ಚಿಗೆ, ಬೀಜಕ್ಕೆ ಎಂದು ಅನುಮತಿಯಿದ್ದಷ್ಟನ್ನು ಇಟ್ಟುಕೊಂಡು ಮಿಕ್ಕಿದ್ದೆಲ್ಲವನ್ನೂ ಕಾಫಿ ಬೋರ್ಡಿನ ಪೂಲಿಗೆ ಹಾಕಬೇಕಿತ್ತು. ದುಡ್ಡು ಕಂತುಕಂತಾಗಿ ಬರುತ್ತಿತ್ತು. ನಮ್ಮ ಮಾವನವರು ತಾವೇ ಬೆಳೆದ ಕಾಫಿಗೆ ತಾವು ಬೆಲೆ ಕೇಳುವಂತಿರಲಿಲ್ಲ. 1992ರಿಂದ ಈ ಕಟ್ಟು ಸ್ವಲ್ಪಸ್ವಲ್ಪವೇ ಸಡಿಲಿ, 1996ರಲ್ಲಿ ಪೂರ್ತಿ ಹೋಯಿತು. ಬೆಳೆಗಾರರು ಹಿಗ್ಗಿದರು. ಆದರೆ ನಾಲ್ಕೈದು ವರ್ಷಗಳಲ್ಲೇ ಜಗತ್ತಿನಲ್ಲೆಲ್ಲ ಕಾಫಿ ಬೆಲೆ ನೆಲಕಚ್ಚಿದಾಗ ದೂರಲು ಪೂಲು ಇರಲಿಲ್ಲ, ಆತುಕೊಳ್ಳಲೂ ಇರಲಿಲ್ಲ. ಮಾವನವರು ಹೇಳುತ್ತಿದ್ದರು, "ನಾವೇ ಮಾರ್ತೀವಿ ಅಂದ್ಮೇಲೆ ನಷ್ಟಾನೂ ನಮ್ಮದೇ."

ಈ ಮಾತು ನೆನಪಿದ್ದೇ ನಾನು ಸ್ವಂತ ರೂಟರ್ ತರಿಸಿದೆ. ಕಂಪನಿಯವರನ್ನು ಕೇಳಿ ಒಪ್ಪಿಸಿ, ಅವರ ಪೆಟ್ಟಿಗೆ ಬೆಳಕಿನ ಕೆಲಸ ಮಾತ್ರ ನೋಡಿಕೊಳ್ಳುವಂತೆ ಮಾಡಿಸಿದೆವು. ಅದನ್ನು ಬ್ರಿಡ್ಜ್ ಎನ್ನುತ್ತಾರೆ, ಸೇತುವೆ. ಹಂಚುವ ಕೆಲಸ ನಮ್ಮ ಪೆಟ್ಟಿಗೆಯದು. ಅದನ್ನು ಮನೆಯ ನಡುವೆ, ಅಟ್ಟದ ಮೆಟ್ಟಿಲ ಬಳಿ ಇಟ್ಟೆವು. ಸೊಸೆಯ ಕೋಣೆಗೂ ಸಿಗ್ನಲ್ ಬಂತು.

ಮರುವರ್ಷ ಹೂಮಳೆ ಗುಡುಗಿನೊಂದಿಗೇ ಬಂತು. ಗಾಜಿನೆಳೆಯಲ್ಲಿ ಸಿಡಿಲು ಹರಿಯುವುದಿಲ್ಲ, ನಿಜ. ಕರೆಂಟಿನ ತಂತಿಯಲ್ಲಿ ಹರಿಯುತ್ತದಲ್ಲ! ಪ್ಲಗ್ ಕೀಳಲು ಮರೆತಿದ್ದೆ. ರೂಟರ್ ಸುಟ್ಟುಹೋಯಿತು. ಫೋನು ಮಾಡಿದರೆ, "ನಮ್ಮ ಪೆಟ್ಟಿಗೆ ಸರಿಯಾಗಿದೆ ಟೀಚರ್, ಅದು ನಿಮ್ಮದು" ಎಂದ ಹುಡುಗ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಎರಡು ಸಾವಿರದ ನಾನೂರು ರೂಪಾಯಿ ಕೊಟ್ಟು ಇನ್ನೊಂದು ತಂದೆ. ಬೀಗದಕೈ ಬಂದರೆ ಅಕ್ಕಿ ಮುಗಿದದ್ದಕ್ಕೂ ನಾವೇ ಉತ್ತರ ಹೇಳಬೇಕು.

ಇಲ್ಲಿಗೇ ಮುಗಿದಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ಹೊಸ ರೂಟರಿನ ಜತೆಗೆ ನನ್ನ ಫೋನಿಗೆ ಒಂದು ಆ್ಯಪ್ ಬಂತು. ಮನೆಯಲ್ಲಿ ಯಾರ ಫೋನು ಈಗ ಜಾಲದಲ್ಲಿದೆ, ಎಷ್ಟು ಹೊತ್ತಿನಿಂದ ಇದೆ ಎಲ್ಲ ಅದರಲ್ಲಿ ಕಾಣುತ್ತದೆ. ಬೇಡವೆಂದರೆ ಒಂದೊಂದನ್ನೇ ನಿಲ್ಲಿಸಲೂಬಹುದು. ಮೊದಮೊದಲು ಕುತೂಹಲಕ್ಕೆ ನೋಡುತ್ತಿದ್ದೆ. ಒಂದು ರಾತ್ರಿ ಎಚ್ಚರವಾಗಿ ನೋಡಿದರೆ, ಒಂದೂವರೆ ಗಂಟೆಯಾದರೂ ಸೊಸೆಯ ಫೋನು ಜಾಲದಲ್ಲೇ ಇದೆ. ಮಗ ಊರಲ್ಲಿರಲಿಲ್ಲ. ಯಾರೊಡನೆ ಮಾತು, ಏನು ಕೆಲಸ ಎಂದು ಮನಸ್ಸು ಓಡಿತು. ಬೆಳಿಗ್ಗೆ ಅಕ್ಕಿರೊಟ್ಟಿ ಬಡಿಸುವಾಗ, "ರಾತ್ರಿ ತಡವಾಯ್ತೇನಮ್ಮ ಮಲಗಿದ್ದು?" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

ಅದನ್ನು ನುಂಗಿಕೊಂಡೆ. ಏಕೆಂದರೆ ಸೊಂಟದಲ್ಲಿ ಗೊಂಚಲು ಝಣ್ ಎಂದದ್ದು ನನಗೇ ಕೇಳಿಸಿತು.

ಕಂಪನಿಯವರ ಕೈಯಿಂದ ಕೀಲಿ ಬಿಡಿಸಿಕೊಂಡೆ ಎಂದು ಬೀಗುತ್ತಿದ್ದೆ. ಬಿಡಿಸಿಕೊಂಡು ನನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ, ಅಷ್ಟೆ. ಪೆಟ್ಟಿಗೆ ಸ್ವಂತದ್ದಾಯಿತು ಸರಿ, ಯಾರ ಸ್ವಂತದ್ದು? ಸ್ವಂತ ಎನ್ನುವ ಮಾತಿನೊಳಗೆ ಮನೆಯವರೆಲ್ಲ ಸೇರದಿದ್ದರೆ, ಬೀಗದಕೈ ಒಂದು ಸೊಂಟದಿಂದ ಇನ್ನೊಂದು ಸೊಂಟಕ್ಕೆ ಹೋದ ಹಾಗಾಯಿತೇ ಹೊರತು ಬಾಗಿಲು ತೆರೆದ ಹಾಗಾಗಲಿಲ್ಲ.

ಸಂಜೆ ಆ ಎರಡನೆಯ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಸೊಸೆಯ ಕೈಗೆ ಕೊಟ್ಟೆ. "ಇದರಲ್ಲಿ ಎಲ್ಲರ ಫೋನೂ ಕಾಣ್ತದೆ ಕಣಮ್ಮ. ನಿನ್ನದೂ ನೋಡಿಬಿಟ್ಟೆ. ಇನ್ನು ನೋಡಲ್ಲ. ಆ ಆ್ಯಪ್ ತೆಗೆದುಬಿಡು" ಎಂದೆ.

ಅವಳು ಚೀಟಿ ನೋಡಿ ಮೆಲ್ಲಗೆ, "ಕಾಣುತ್ತೆ ಅಂತ ನಂಗೆ ಮೊದಲ ದಿನದಿಂದಲೂ ಗೊತ್ತಿತ್ತು ಅತ್ತೆ" ಎಂದಳು.

ಗೊತ್ತಿದ್ದೂ ಸುಮ್ಮನಿದ್ದಳು, ನಾನು ಉಗ್ರಾಣದ ಬಾಗಿಲಲ್ಲಿ ಸುಮ್ಮನೆ ನಿಲ್ಲುತ್ತಿದ್ದ ಹಾಗೆ. ರಾತ್ರಿ ಒಂದೂವರೆಗೆ ಅವಳೇನು ಮಾಡುತ್ತಿದ್ದಳೋ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಚೀಟಿ ಈಗ ಅಡುಗೆಮನೆಯ ಗೂಡಿನಲ್ಲಿ, ಕಾಫಿಪುಡಿ ಡಬ್ಬಿಯ ಕೆಳಗಿದೆ. ಬೇಕಾದವರು ಕೇಳದೆ ತೆಗೆದುಕೊಳ್ಳಬಹುದು.