ಸತ್ತವರ ಮೈಮೇಲೆ ತೋಳದ ತೊಗಲು

ಕಳೆದ ಬೇಸಿಗೆ ರಜೆಯಲ್ಲಿ ಅಕ್ಕನ ಮಗ ತನ್ನ ಲ್ಯಾಪ್‌ಟಾಪನ್ನು ನನ್ನ ಮುಂದಿಟ್ಟು, "ಮಾಮೂ, ನೀವು ಕಥೆ ಬರೆಯುವವರು, ಇದನ್ನೊಮ್ಮೆ ಆಡಿ ನೋಡಿ" ಎಂದ. ಕಂಪ್ಯೂಟರ್ ಆಟವೆಂದರೆ ಗುಂಡು ಹಾರಿಸುವುದು, ಕಾರು ಓಡಿಸುವುದು ಎಂದಷ್ಟೇ ತಿಳಿದಿದ್ದ ನನಗೆ ಅದು ಹೊಸ ಲೋಕ. 'ದಿ ಬೀಸ್ಟ್ ವಿದಿನ್' ಎಂಬ ಆ ಆಟ 1995ರಲ್ಲಿ ಅಮೆರಿಕದ ಸಿಯೆರಾ ಕಂಪೆನಿಯಿಂದ ಆರು ಸಿ.ಡಿ.ಗಳಲ್ಲಿ ಹೊರಬಂದದ್ದು. ಕಥೆ ಹೆಣೆದವರು ಜೇನ್ ಜೆನ್ಸನ್. ಅದರಲ್ಲಿ ಬಿಡಿಸಿದ ಚಿತ್ರದ ಮನುಷ್ಯರಿಲ್ಲ. ನಿಜವಾದ ನಟನಟಿಯರನ್ನು ಚಿತ್ರೀಕರಿಸಿ, ಜರ್ಮನಿಯ ಬೀದಿ, ಅರಮನೆ, ಸರೋವರಗಳ ಫೋಟೋಗಳ ಮೇಲೆ ಕೂರಿಸಿದ್ದಾರೆ. ಆಡುವವನು ಮೌಸ್ ಒತ್ತಿದ ಕಡೆಗೆ ಆ ಮನುಷ್ಯರು ನಡೆಯುತ್ತಾರೆ.

ಆಟದ ನಾಯಕ ಗೇಬ್ರಿಯಲ್ ನೈಟ್ ಕಾದಂಬರಿಕಾರ. ಮ್ಯೂನಿಕ್ ನಗರದ ಬಳಿ ಮೃಗವೊಂದಕ್ಕೆ ಬಲಿಯಾದ ಮಗುವಿನ ಸಾವನ್ನು ಅವನು ಬೆನ್ನುಹತ್ತುತ್ತಾನೆ. ಅವನ ಸಹಾಯಕಿ ಗ್ರೇಸ್ ಇನ್ನೊಂದು ಕಡೆಯಿಂದ ಬವೇರಿಯಾದ ದೊರೆ ಎರಡನೇ ಲುಡ್ವಿಗ್‌ನ ಚರಿತ್ರೆಯನ್ನು ಕೆದಕುತ್ತಾಳೆ. ಎರಡು ದಾರಿಗಳೂ ಒಂದೆಡೆ ಸೇರಿದಾಗ ತಿಳಿಯುವುದು ಇಷ್ಟು: ದೊರೆಗೆ ಹಿಡಿದಿದ್ದು ಹುಚ್ಚಲ್ಲ, ತೋಳಮಾನವನ ಶಾಪ.

ಆಟ ನನ್ನನ್ನು ಹಿಡಿದು ಕೂರಿಸಿತು, ಸುಳ್ಳೇಕೆ ಹೇಳಲಿ. ಆದರೆ ಮುಗಿದ ಮೇಲೆ ಮನಸ್ಸಿಗೆ ಒಂದು ಮುಳ್ಳು ಉಳಿಯಿತು. ಲುಡ್ವಿಗ್ ಕಥೆಯ ದೊರೆಯಲ್ಲ, ನಿಜವಾಗಿ ಬಾಳಿದವನು. 1845ರಲ್ಲಿ ಹುಟ್ಟಿ, 1864ರಲ್ಲಿ ಹದಿನೆಂಟರ ಹರೆಯದಲ್ಲೇ ಪಟ್ಟಕ್ಕೇರಿದ. ಸಂಗೀತಗಾರ ವ್ಯಾಗ್ನರ್‌ನನ್ನು ಕರೆಸಿ ಪೋಷಿಸಿದ. ಸಾಲ ಮಾಡಿ ಅರಮನೆಗಳನ್ನು ಕಟ್ಟಿಸಿದ. 1886ರ ಜೂನ್‌ನಲ್ಲಿ ಗುಡನ್ ಎಂಬ ಮನೋವೈದ್ಯನೂ ಇನ್ನು ಮೂವರು ವೈದ್ಯರೂ ಸೇರಿ ಅವನಿಗೆ ಹುಚ್ಚೆಂದು ವರದಿಗೆ ಸಹಿ ಹಾಕಿದರು. ಅದಕ್ಕಾಗಿ ಅವನನ್ನು ಕೂರಿಸಿ ಪರೀಕ್ಷಿಸಿರಲಿಲ್ಲ. ಸೇವಕರು ಮತ್ತಿತರರು ಹೇಳಿದ ಮಾತುಗಳೇ ಸಾಕ್ಷ್ಯವಾದವು. ಪಟ್ಟ ಹೋಯಿತು. ಜೂನ್ 13ರ ಸಂಜೆ ಸ್ಟಾರ್ನ್‌ಬರ್ಗ್ ಸರೋವರದ ದಂಡೆಯಲ್ಲಿ ತಿರುಗಾಡಲು ಹೋದ ದೊರೆ ಮತ್ತು ಗುಡನ್ ಇಬ್ಬರೂ ಅದೇ ರಾತ್ರಿ ನೀರಿನಲ್ಲಿ ಹೆಣವಾಗಿ ಸಿಕ್ಕರು. ಹೇಗೆಂಬುದು ಇಂದಿಗೂ ಬಗೆಹರಿದಿಲ್ಲ. ಕೆಲವೇ ವಾರಗಳಲ್ಲಿ ಅವನ ನೊಯಿಶ್ವಾನ್‌ಸ್ಟೈನ್ ಅರಮನೆಯನ್ನು ಟಿಕೆಟ್ ಇಟ್ಟು ಜನರಿಗೆ ತೆರೆದರು. ದುಂದು ಎಂದು ದೂರಿದ ಆ ಕಟ್ಟಡಗಳೇ 2025ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಹೀಗೆ ಮಾತಾಡಲು ಅವಕಾಶವೇ ಸಿಗದೆ ಸತ್ತವನ ಮೈಮೇಲೆ ಕಥೆಗಾರರಾದ ನಾವು ತೋಳದ ತೊಗಲು ಹೊದಿಸಬಹುದೇ?

ಸತ್ತವನಿಗೆ ಅದರಿಂದ ನೋವಿಲ್ಲ ಎನ್ನಬಹುದು. ಆಟವೆಂಬುದು ಎಲ್ಲರಿಗೂ ಗೊತ್ತಿದೆ ಎನ್ನಬಹುದು. ಈ ಆಟಕ್ಕೆ ದೊರೆಯ ಮೇಲೆ ಕರುಣೆಯಿದೆ, ಹುಚ್ಚನೆಂಬ ಹೆಸರಿನಿಂದ ಅವನನ್ನು ಬಿಡಿಸಲು ಹೊರಟಿದೆ ಎಂದೂ ಹೇಳಬಹುದು. ಈ ಮೂರನೆಯ ಮಾತೇ ನನ್ನನ್ನು ಹೆಚ್ಚು ಕಾಡಿದ್ದು. ವೈದ್ಯರು ಹುಚ್ಚೆಂದು ಬರೆದು ಕಡತ ಮುಚ್ಚಿದರು, ಕಥೆಗಾರ್ತಿ ತೋಳವೆಂದು ಹೇಳಿ ಮುಚ್ಚಿದಳು. ಇಬ್ಬರೂ ಅವನನ್ನು ಕೇಳಲಿಲ್ಲ. ವೈದ್ಯರ ಕೈಯಲ್ಲಿ ಅಧಿಕಾರವಿತ್ತು, ಕಥೆಗಾರ್ತಿಯ ಕೈಯಲ್ಲಿ ಅದಿಲ್ಲ. ಇದೊಂದು ದೊಡ್ಡ ವ್ಯತ್ಯಾಸ ನಿಜ. ಆದರೂ ಫೋಟೋ ಬೆರೆತಾಗ ಕಥೆಗೆ ಬೇರೆ ಬಲ ಬರುತ್ತದೆ. ಬಿಡಿಸಿದ ಚಿತ್ರ ತಾನು ಕಲ್ಪನೆಯೆಂದು ತಾನೇ ಒಪ್ಪಿಕೊಳ್ಳುತ್ತದೆ, ಫೋಟೋ ಸಾಕ್ಷಿ ಹೇಳುತ್ತದೆ. ಅದೇ ಅರಮನೆ, ಅದೇ ಸರೋವರ ಕಣ್ಣೆದುರಿಗಿರುವಾಗ ತೋಳವೂ ಅರ್ಧ ನಿಜವಾಗಿಬಿಡುತ್ತದೆ.

ಈ ಪ್ರಶ್ನೆ ನನಗೆ ಸುಮ್ಮನೆ ಹುಟ್ಟಲಿಲ್ಲ. ಬಹಳ ವರ್ಷಗಳ ಹಿಂದೆ ನಮ್ಮ ಗಲ್ಲಿಯ ಹೆಂಗಸೊಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು, ಜಿನ್ ಹಿಡಿದವಳ ಕಥೆಯೊಂದನ್ನು ಬರೆದಿದ್ದೆ. ಹೆಸರು ಬದಲಿಸಿದ್ದೆ. ಕಥೆ ಮೆಚ್ಚುಗೆ ಪಡೆಯಿತು. ಒಂದು ಮದುವೆಯ ಮನೆಯಲ್ಲಿ ಅವರ ಮಗಳು ನನ್ನ ಬಳಿ ಬಂದು ತಣ್ಣಗೆ ಹೇಳಿದಳು: "ಭಾಯಿ, ಅಮ್ಮಿಗೆ ಜಿನ್ ಹಿಡಿದಿರಲಿಲ್ಲ. ಮೂರ್ಛೆರೋಗ ಇತ್ತು. ಹೆಸರು ಹಾಕಿಲ್ಲ ಅಂತೀರಿ, ಆದರೆ ನಮ್ಮ ಹಿತ್ತಲಿನ ದಾಳಿಂಬೆ ಗಿಡ ಹಾಕಿದ್ದೀರಲ್ಲ." ದಾಳಿಂಬೆ ಗಿಡವೇ ಅಲ್ಲಿ ಫೋಟೋದ ಕೆಲಸ ಮಾಡಿತ್ತು. ಅಂದು ನಾನು ಕಥೆ ಬೇರೆ, ಬದುಕು ಬೇರೆ ಎಂದೇನೋ ಉಪದೇಶ ಮಾಡಿ ತಪ್ಪಿಸಿಕೊಂಡೆ. ಅವಳು ವಾದ ಮಾಡಲಿಲ್ಲ. ಊಟಕ್ಕೆ ಕರೆದಳು.

ಹಾಗಾದರೆ ಇಂಥ ಕಥೆಗಳೇ ಬೇಡವೇ? ಬೇಡ ಎಂದರೆ ಚರಿತ್ರೆಯ ಮೌನಗಳೆಲ್ಲ ಮೌನವಾಗಿಯೇ ಉಳಿದುಬಿಡುತ್ತವೆ. ಈ ಆಟ ಆಡದಿದ್ದರೆ ಆ ವೈದ್ಯರ ವರದಿಯ ಬಗ್ಗೆ ನಾನು ಓದುತ್ತಲೂ ಇರಲಿಲ್ಲ. ಉತ್ತರದ ಎಳೆಯೊಂದು ನನಗೆ ಸಿಕ್ಕಿದ್ದು ಅದೇ ಆಟದ ಕೊನೆಯಲ್ಲಿ. ಅಲ್ಲಿ ಗೇಬ್ರಿಯಲ್ ತಾನೇ ತೋಳವಾಗುತ್ತಾನೆ. ರಂಗಮಂದಿರದ ನೆಲಮಾಳಿಗೆಯಲ್ಲಿ ಆ ತೋಳವನ್ನು ನಡೆಸಬೇಕಾದವನು ಆಡುವವನು, ಅಂದರೆ ನಾನು. ಅಷ್ಟು ಹೊತ್ತು ಪತ್ತೇದಾರನ ಹಾಗೆ ಬೇರೆಯವರಲ್ಲಿ ಮೃಗವನ್ನು ಹುಡುಕುತ್ತಿದ್ದ ನನ್ನ ಕೈ ಈಗ ಮೃಗದ ಕಾಲಾಯಿತು. ದೊರೆಗೆ ಹೊದಿಸಿದ ತೊಗಲನ್ನು ಕಥೆಗಾರ್ತಿ ತನ್ನ ನಾಯಕನಿಗೂ, ಅವನ ಮೂಲಕ ನನಗೂ ಹೊದಿಸಿದ್ದಳು.

ನಾನು ಆ ಕೆಲಸ ಮಾಡಿರಲಿಲ್ಲ. ಜಿನ್ನನ್ನು ನೆರೆಮನೆಯ ಹೆಂಗಸಿಗೆ ಅಂಟಿಸಿ, ಕಥೆ ಹೇಳುವ ಹುಡುಗನನ್ನು ಮಾತ್ರ ಕಲೆಯಿಲ್ಲದ ಸಾಕ್ಷಿಯನ್ನಾಗಿ ನಿಲ್ಲಿಸಿದ್ದೆ. ನಿಜದಲ್ಲಿ ಆ ಹುಡುಗ ಏನು ಮಾಡಿದ್ದ? ಅವರು ಅಂಗಳದಲ್ಲಿ ಬಿದ್ದು ಒದ್ದಾಡುವಾಗ ನೀರು ತರದೆ, ಯಾರನ್ನೂ ಕೂಗದೆ ಓಡಿಹೋಗಿದ್ದ. ಆ ಓಟ ನನ್ನ ಕಥೆಯಲ್ಲಿರಲಿಲ್ಲ.

ಸಂಕಲನ ಮರುಮುದ್ರಣಕ್ಕೆ ಹೋಗುವ ಮೊದಲು ಈಗ ಆ ಕಥೆಯನ್ನು ತಿದ್ದುತ್ತಿದ್ದೇನೆ. ಹೆಂಗಸಿಗೆ ಅವರ ಕಾಯಿಲೆಯನ್ನು ಹಿಂದಿರುಗಿಸಿದ್ದೇನೆ. ಜಿನ್ ಈಗ ಓಡಿಹೋದ ಹುಡುಗನ ಹೆದರಿಕೆಯಲ್ಲಿದೆ. ದಾಳಿಂಬೆ ಗಿಡ ಇರಬೇಕೋ ಬೇಡವೋ ಎಂದು ಆ ಮಗಳನ್ನೇ ಕೇಳಬೇಕೆಂದಿದ್ದೇನೆ. ಲುಡ್ವಿಗ್‌ನನ್ನು ಯಾರೂ ಕೇಳಲಾಗದು, ಇವಳನ್ನು ಕೇಳಬಹುದು.